ಭರಮಣ್ಣ ನೆಟ್ಟಗ ಮಾಡಿದ ಮನಿ ಮೋಟಾರು

ನಮ್ಮಣ್ಣ ಭರಮಣ್ಣಗ ಎರಡು ಹೆಸರಿದ್ವು. ಹೊಸಪೇಟಿ, ಸಂಡೂರ ಕಡಿ ಲಾರಿಯವ್ರೆಲ್ಲ ‘ಭರಮಣ್ಣ ಮೇಸ್ತ್ರಿ’ ಅಂತಿದ್ರು. ನಮ್ಮ ಕಂಪ್ಲಿಯಾಗ ಮಾತ್ರ ‘ಬಂಡಿ ಕೆಡವಿದ ಭರಮ’. ನಾ ಅವನ ತಂಗಿ ವಿರುಪಮ್ಮ. ಬಾವಿಕಟ್ಟಿ ಮ್ಯಾಲ ಯಾವಾಕಿ ಆ ಎರಡನೇ ಹೆಸರು ಎತ್ತಿದ್ರೂ ನಾ ಕೊಡ ಕೆಳಗಿಟ್ಟು ಸೆರಗು ಸೊಂಟಕ್ಕ ಸಿಗಿಸ್ತಿದ್ದೆ. ಜಗಳಾಡಿ ಜಗಳಾಡಿ ನನಗೂ ಬಾಯಿಬಡಕಿ ಅಂತ ಹೆಸರು ಬಂತು. ಬರ್ಲಿ ಬಿಡ್ರಿ, ಸುಳ್ಳೇನಲ್ಲ. ಈಗ ನನಗ ಎಪ್ಪತ್ತು ದಾಟೇತಿ, ಅಣ್ಣ ಹೋಗಿ ಹನ್ನೊಂದು ವರ್ಷಾತು, ಆ ಹೆಸರು ಕೇಳಿದ್ರ ಇವತ್ತಿಗೂ ಮೈ ಉರೀತೈತಿ.

ಅವನ ಕಾರ್ಖಾನಿ ಅಂದ್ರ ಹೊಸಪೇಟಿ ಟೇಸನ್ ಹಿಂದ ಒಂದು ಬೇವಿನ ಗಿಡ, ಗಿಡದ ಬುಡಕ್ಕ ಒಂದು ಪೆಟ್ಟಿಗಿ, ಅಷ್ಟೇ. ಮೋಟಾರು ಬಂದು ನಿಂತ್ರ ಡ್ರೈವರನ್ನ ಏನೂ ಕೇಳ್ತಿದ್ದಿಲ್ಲ. ಸುತ್ತ ಒಂದು ಸಲ ನಡೀತಿದ್ದ, ಗಾಲಿ ಒದ್ದು ನೋಡ್ತಿದ್ದ, ಆಮ್ಯಾಲ ಗೋಣಿಚೀಲ ಹಾಸಿ ಕೆಳಗ ಹೋಗ್ತಿದ್ದ. ಹೊರಗ ಎರಡು ಕಾಲಷ್ಟೇ ಕಾಣ್ತಿದ್ವು. ಊಟಕ್ಕ ಕರದ್ರ ಆ ಕಾಲು ಅಲ್ಲಾಡ್ಸಿ ‘ಹ್ಞೂಂ’ ಅಂತಿದ್ದ. ಭಾಳ ಕಡಿಮಿ ಮಾತಿನವ. ನಮ್ಮವ್ವ ಮಾತೆಲ್ಲ ನನಗ ಕೊಟ್ಟು, ಕೈಗುಣ ಅವಗ ಕೊಟ್ಟಿದ್ಲು.

ಮೊದಲು ಅವ ಮೋಟಾರಿನವನೇ ಅಲ್ಲ, ಬಂಡಿ ಹೊಡಿಯಾವ. ಕಂಪ್ಲಿ ಅಕ್ಕಿ ಗಿರಣಿ ಅಂದಾನಪ್ಪ ಸಾವ್ಕಾರ್ರ ಮನಿಯಾಗ ನಮ್ಮಪ್ಪ ಬಂಡಿ ಹೊಡದ, ಅಪ್ಪನ ಹಿಂದ ಅಣ್ಣ ಹೊಡದ. ನಾ ಒಳಗ ಕೊಟ್ರಬಸಮ್ಮಾರ ಕೈಕೆಳಗ ಇದ್ದೆ. ಅವರು ಸಾವ್ಕಾರ್ರ ಹೆಂಡತಿ, ನಾವು ಅಮ್ಮಾರು ಅಂತಿದ್ವಿ. ಎಂಥಾ ದಿನ ಅವು! ಕಬ್ಬು ಕಡಿಯೋ ಕಾಲಕ್ಕ ಇಡೀ ಕಂಪ್ಲಿ ಬೆಲ್ಲದ ವಾಸನಿ. ಎಮ್ಮಿಗನೂರು ಕಡಿಯಿಂದ ಭತ್ತದ ಬಂಡಿ ಸಾಲು ಹಿಡದು ಬಂದ್ರ ಗಿರಣಿ ಅಂಗಳದಾಗ ಕಾಲಿಡಾಕ ಜಾಗ ಇರ್ತಿದ್ದಿಲ್ಲ. ಅಮ್ಮಾರು ಪಡಸಾಲಿಯಾಗ ನಿಂತು ಬಂಡಿಯವ್ರಿಗೆಲ್ಲ ಮಜ್ಜಿಗಿ ಕೊಡಸ್ತಿದ್ರು. ಓಡಾಡೋ ಹೆಣ್ಣುಮಗಳು, ಒಂದು ಕಡಿ ಕುಂತಾಕಿ ಅಲ್ಲ. ಅವರ ತವರು ಸಂಡೂರ ಆಚಿ ಬಂಡ್ರಿ. ಪಂಚಮಿ ಬಂದ್ರ ಸಾಕು, ಎಂಟು ದಿನ ಮೊದಲೇ ಉಂಡಿ ಕಟ್ಟಿಟ್ಟು, ‘ಭರಮಾ, ಎತ್ತಿಗೆ ಹುರಳಿ ಹಾಕೀಯಿಲ್ಲೋ?’ ಅಂತ ಕೊಟ್ಟಿಗಿಗೆ ಹತ್ತು ಸಲ ಹೋಗಿ ನೋಡ್ತಿದ್ರು. ಆ ಧ್ವನಿ ಈಗಲೂ ಕಿವಿಯಾಗ ಐತಿ ನನಗ.

ಇಪ್ಪತ್ತೊಂಬತ್ತನೇ ಇಸ್ವಿ ಪಂಚಮಿಗೂ ಹಂಗೇ ಹೊಂಟ್ರು. ನಾ ಬಾಣಂತಿ, ಜೊತಿಗೆ ಹೋಗ್ಲಿಲ್ಲ. ಕರಿಯಾಕ ಬಂದಿದ್ದ ಅವರ ತಮ್ಮ ಜಡೆಪ್ಪ ಮುಂದಿನ ಬಂಡಿಯಾಗಿದ್ದ. ಅಮ್ಮಾರು ಬುತ್ತಿ, ಉಂಡಿ ಬುಟ್ಟಿ, ಸೀರಿ ಗಂಟು ಇಟಗೊಂಡು ಹಿಂದಿನ ಕಮಾನು ಬಂಡಿಯಾಗ ಒಬ್ಬರೇ, ಹೊಡಿಯಾವ ಅಣ್ಣ. ಸಂಡೂರ ಗುಡ್ಡದ ಏರಿನಾಗ, ತಿರುವಿನ ಮ್ಯಾಲ, ಎತ್ತು ಅಡ್ಡಾದಿಡ್ಡಿ ಸರದು, ಗಾಲಿ ರಸ್ತಿ ದಂಡಿ ಬಿಟ್ಟು ಬಂಡಿ ಮಗ್ಗಲಾತು. ಅಮ್ಮಾರ ನಡು ಮುರೀತು. ಬಳ್ಳಾರಿ ಡಾಕ್ಟರು ಜೀವ ಉಳಿಸಿದ್ರು, ಕಾಲು ಉಳೀಲಿಲ್ಲ.

ಏನಾತಲೇ ಅಂತ ಸಾವ್ಕಾರ್ರು ಕೇಳಿದ್ರ ಅಣ್ಣ ‘ಎತ್ತು ಹಿಡಿಯಾಕ ಆಗ್ಲಿಲ್ರೀ’ ಅಂದ. ಅಷ್ಟೇ. ನಿದ್ದಿ ಹೊಡದಿದ್ದ ಅಂದ್ರು ಕೆಲವ್ರು, ಕುಡದಿದ್ದ ಅಂದ್ರು ಕೆಲವ್ರು. ಹೆಂಡ ಮೂಸಿ ನೋಡಿದವನಲ್ಲ ನಮ್ಮಣ್ಣ! ಒಂದಕ್ಕೂ ಬಾಯಿ ತಗೀಲಿಲ್ಲ. ಬಂಡ್ರಿಯಿಂದ ಅಮ್ಮಾರ ತಾಯಿ ನೀಲಗಂಗಮ್ಮ, ‘ನನ್ನ ಮಗಳ ನಡು ಮುರದಾವ ನನ್ನ ಹೊಸ್ತಿಲ ಮುಂದ ಕಾಲಿಡಬಾರ್ದು’ ಅಂತ ಹೇಳಿ ಕಳಿಸಿದ್ರು. ಸಾವ್ಕಾರ್ರು ಅವನ ಕೈಯಿಂದ ಬಾರಕೋಲು ಕಸಗೊಂಡ್ರು. ಅಣ್ಣ ಕಂಪ್ಲಿ ಬಿಟ್ಟು ಸಂಡೂರ ಮ್ಯಾಂಗನೀಸ್ ಗಣಿಗೆ ಹೋದ. ಅಲ್ಲಿ ಲಾರಿ ತೊಳದ, ಗ್ರೀಸ್ ಹಚ್ಚಿದ, ನೋಡಿ ನೋಡಿ ಕಲ್ತ, ಕಡೀಕ ಹೊಸಪೇಟಿಗೆ ಬಂದು ಮೇಸ್ತ್ರಿ ಆದ. ಮೋಟಾರು ಸರಿ ಮಾಡಿ ಹೊಡದು ನೋಡ್ತಿದ್ದ, ಆದ್ರ ಒಂದು ನರಪಿಳ್ಳಿನೂ ಒಳಗ ಕುಂದ್ರಸ್ಕೊಂತಿದ್ದಿಲ್ಲ.

ಇತ್ಲಾಗ ಅಮ್ಮಾರು ಒಂಬತ್ತು ವರ್ಷ ಹಾಸಿಗಿ ಮ್ಯಾಲ. ಕುಂದ್ರಾಕ ಆಗಂಗಿಲ್ಲ, ಮಲಗೇ ಇರಬೇಕು, ಮೈ ಅಲುಗಾಡಿದ್ರ ತಡಕೊಳ್ಳಲಾರದ ನೋವು. ಒಮ್ಮಿ ಮಂಚದ ಮ್ಯಾಲೇ ಹೊತಗೊಂಡು ಬಂಡ್ರಿಗೆ ಹೊಂಟಿದ್ರು, ಊರ ದಾಟೋದ್ರಾಗ ಎಚ್ಚರ ತಪ್ಪಿದ್ರು. ಅತ್ಲಾಗ ನೀಲಗಂಗಮ್ಮಗ ಕಣ್ಣು ಹೋಗಿದ್ವು, ಅವರೂ ಬರಂಗಿಲ್ಲ. ಪಂಚಮಿಗೊಮ್ಮಿ ಜಡೆಪ್ಪ ಬಂಡ್ರಿ ಉಂಡಿ ತಂದು ಕೊಟ್ಟು ಹೋಗಾವ. ಮೂವತ್ತೆಂಟನೇ ಇಸ್ವಿ ಬ್ಯಾಸಿಗಿಯಾಗ ಬಂದಾವ ಅಕ್ಕನ ಹತ್ರ ಕುಂತು, ‘ಅಕ್ಕಾ, ಅವ್ವ ಈ ಮಳಿಗಾಲ ದಾಟಂಗ ಕಾಣಂಗಿಲ್ಲ. ನಿನ್ನ ಒಮ್ಮಿ ಮುಟ್ಟಬೇಕಂತಾಳ’ ಅಂದ. ಅಮ್ಮಾರು ಗ್ವಾಡಿ ಕಡಿ ಮುಖ ತಿರುವಿದ್ರು.

ಸಾವ್ಕಾರ್ರು ಮುಂಗೋಪಿ, ಖರೆ. ಆದ್ರ ಹೆಂಡತಿ ಅಂದ್ರ ಜೀವ. ‘ನೀ ಮನಿಯಾಗ ಮಲಗೇ ತವರಿಗೆ ಹೋಗ್ತಿ, ನೋಡು’ ಅಂದ್ರು. ಗಣಿಯವ್ರು ಮಾರಿದ ಒಂದು ಹಳೇ ಲಾರಿ ತರಿಸಿ, ಮ್ಯಾಲಿನದೆಲ್ಲ ಕಿತ್ತು, ಅದರ ಮ್ಯಾಲ ಮನಿ ಕಟ್ಟಾಕ ಬಡಿಗೇರನ್ನ ಹಚ್ಚಿದ್ರು.

ಮನಿ ಅಂದ್ರ ಮನಿನೇ ಕಟ್ಟಿಸಿದ್ರು ಪುಣ್ಯಾತ್ಮರು! ಮುಂದ ಪಡಸಾಲಿ, ನಡುವ ದೇವರ ಜಗುಲಿ, ಹಿಂದ ಅಡಗಿ ಮನಿ, ಅದರ ಹಿಂದ ಬಚ್ಚಲ. ನಮ್ಮ ಕಡಿ ಮನಿ ಹಂಗೇ ಅಲ್ಲೇನ್ರಿ, ನೀರು ಬೆಂಕಿ ಎಲ್ಲ ಹಿತ್ತಲ ಕಡಿ. ಹಂಗಾಗಿ ತಾಮ್ರದ ಹಂಡೇವು ಹಿಂದ, ರುಬ್ಬೋ ಕಲ್ಲು ಹಿಂದ, ಅಕ್ಕಿ ಪೆಟ್ಟಿಗಿ ಹಿಂದ, ಅಮ್ಮಾರ ಮಂಚನೂ ಅಡಗಿ ಮನಿ ಬಾಜೂಕ. ಇಷ್ಟೆಲ್ಲ ಹಿಂದಿನ ಗಾಲಿ ದಾಟಿ ನಾಕು ಮೊಳ ಹೊರಗ ಚಾಚಿತ್ತು. ಅದು ಸಾಲದು ಅಂತ, ತಗಡಿನ ಕೆಳಗ ಹೆಂಡತಿ ಬೇಯ್ತಾಳ ಅಂತ, ಸಾವ್ಕಾರ್ರು ಮ್ಯಾಲ ಬಿದಿರು ಹಾಸಿ, ಬೇವಿನ ಸೊಪ್ಪು ಹರಡಿ, ಮೂರು ಬೆರಳು ದಪ್ಪ ಬಿಳೇ ಸೌಳು ಮಣ್ಣು ಮೆತ್ತಿಸಿ ಮಾಳಿಗಿ ಮಾಡಿಸಿದ್ರು. ಮೋಟಾರಿನ ಮ್ಯಾಲ ಮಣ್ಣಿನ ಮಾಳಿಗಿ! ಅದಕ್ಕೊಂದು ಬೆಳಕಿಂಡಿ ಬ್ಯಾರೆ. ಊರ ಮಂದಿ ಬಂದು ಬಂದು ನೋಡಿ ಭೇಷ್ ಭೇಷ್ ಅಂದ್ರು. ನಾನೂ ಅಂದೆ, ಯಾಕ ಸುಳ್ಳು ಹೇಳ್ಲಿ.

ಬಳ್ಳಾರಿಯಿಂದ ಮರಿಸ್ವಾಮಿ ಅಂತ ಒಬ್ಬ ಡ್ರೈವರು ಬಂದ, ಟೋಪಿ ಹಾಕ್ಕೊಂಡು. ಪಕ್ಕದೂರು ಮೆಟ್ರಿ ತನಕ ಹೋಗಿ ಬರೋಣು ಅಂತ ಅಮ್ಮಾರನ್ನ ಮಂಚದ ಮ್ಯಾಲ ಮಲಗಿಸಿ, ನಾ ಕಾಲ ಹತ್ರ ಕುಂತು ಹೊಂಟ್ವಿ. ಊರೊಳಗ ನಿಧಾನಕ ಹೋಗೋತನಕ ಚಂದಿತ್ತು. ಬಯಲಿಗೆ ಬಂದು ಸ್ವಲ್ಪ ಜೋರಾತು ನೋಡ್ರಿ, ಮೋಟಾರಿನ ಮೂತಿ ಒಮ್ಮಿ ಎಡಕ್ಕ, ಒಮ್ಮಿ ಬಲಕ್ಕ! ಮರಿಸ್ವಾಮಿ ಸ್ಟೇರಿಂಗ್ ತಿರುವಿದ್ರ ಅದು ಯೋಚ್ನಿ ಮಾಡಿ ಆಮ್ಯಾಲ ತಿರುಗತಿತ್ತು. ತಿರುಗಿದಮ್ಯಾಲ ಸಾಕು ಅಂದ್ರ ಕೇಳ್ತಿದ್ದಿಲ್ಲ. ಮಾಳಿಗಿ ಯಾವ ಕಡಿ ವಾಲತಿತ್ತೋ ಹಂಡೇದ ನೀರೆಲ್ಲ ಅದೇ ಕಡಿ ಬಡದು ಇನ್ನಷ್ಟು ವಾಲಸ್ತಿತ್ತು. ಎದುರಿಗೆ ಒಂದು ಬಂಡಿ ಬಂತು, ಅದಕ್ಕ ದಾರಿ ಬಿಡಾಕ ಹೋಗಿ ಕಬ್ಬಿನ ಗದ್ದಿಯಾಗ ಇಳದು ನಿಂತ್ವಿ. ಬೆಳಕಿಂಡಿಯಿಂದ ಮಣ್ಣು ಸುರದು ನನ್ನ ತಲಿ ಎಲ್ಲ ಬೆಳ್ಳಗ. ನನಗ ನಗು ಬಂದಿತ್ತು, ಅಮ್ಮಾರ ಮುಖ ನೋಡಿ ನಿಂತುಹೋತು. ಹಲ್ಲು ಕಚ್ಚಿ ಮಂಚದ ಪಟ್ಟಿ ಹಿಡದಿದ್ರು, ಕಣ್ಣಾಗ ನೀರು ಧಾರಿ ಧಾರಿ. ಮೂರು ದಿನ ಜ್ವರ ಬಿಡ್ಲಿಲ್ಲ. ಮರಿಸ್ವಾಮಿ ‘ಇದು ಮೋಟಾರಲ್ರೀ, ಗುಡಿ’ ಅಂದು ಬಳ್ಳಾರಿಗೆ ಹೊಂಟಹೋದ.

ಜ್ವರ ಬಿಟ್ಟ ದಿನ ಅಮ್ಮಾರು ಗಂಡನ್ನ ಕರದು, ‘ಭರಮನ್ನ ಕರಸ್ರಿ’ ಅಂದ್ರು.

‘ಯಾರನ್ನ? ಒಮ್ಮಿ ಕೆಡವಿದ್ದು ಸಾಲ್ದೇನು?’

‘ಕರಸ್ರಿ ಅಂದ್ನೆಲ್ಲ. ಅವ ಸರಿ ಮಾಡಿದ್ರ ಹೋಗ್ತೀನಿ, ಇಲ್ಲಂದ್ರ ನಮ್ಮವ್ವನ್ನ ನೋಡೋ ಆಸಿ ಬಿಡ್ತೀನಿ.’

ನಾ ಹೊಸಪೇಟಿಗೆ ಹೋದೆ. ಬೇವಿನ ಗಿಡದ ಕೆಳಗ ಎರಡು ಕಾಲು ಕಂಡ್ವು. ಆ ಕಾಲಿಗೇ ಎಲ್ಲ ಹೇಳಿದೆ. ಕಾಲು ಅಲ್ಲಾಡ್ಲಿಲ್ಲ. ಒಳಗಿಂದ ಧ್ವನಿ ಬಂತು, ‘ನಾ ಬರಂಗಿಲ್ಲ, ವಿರುಪಿ. ಆ ಮನಿಗೆ ಯಾವ ಮುಖ ಹೊತಗೊಂಡು ಬರ್ಲಿ?’

‘ಇರೋದೊಂದೇ ಮುಖ, ಅದನ್ನೇ ತೊಳಕೊಂಡು ಬಾ! ಅವರು ಬೈಯಾಕ ಕರದಿಲ್ಲ, ತಾಯಿನ್ನ ನೋಡಾಕ ಕರದಾರ. ನೀ ಬರದಿದ್ರ ನಾ ಇಲ್ಲೇ ಕುಂದ್ರತೀನಿ, ಯಾರ ಮೋಟಾರು ರಿಪೇರಿ ಆಗತೈತಿ ನೋಡ್ತೀನಿ’ ಅಂದು ಅವನ ಪೆಟ್ಟಿಗಿ ಮ್ಯಾಲ ಕುಂತಬಿಟ್ಟೆ. ಮಧ್ಯಾಹ್ನ ಆತು. ಕಡೀಕ ಎದ್ದು ಬಂದ.

ಗಿರಣಿ ಅಂಗಳದಾಗ ಮನಿ ಮೋಟಾರು ನಿಂತಿತ್ತು. ಅಣ್ಣ ಸುತ್ತ ನಡದ, ಮಾಳಿಗಿ ನೋಡಿದ, ಚೀಲ ಹಾಸಿ ಕೆಳಗ ಹೋದ. ಹೊರಗ ಬಂದು, ಗಿರಣಿಯಾಗ ಮೂಟಿ ತೂಗೋ ಕಾಟಾ ಇತ್ತಲ್ಲ, ಅದರ ಮ್ಯಾಲ ಒಂದೊಂದು ಗಾಲಿ ಹತ್ತಿಸಿ ತೂಗಬೇಕು ಅಂದ. ಹಮಾಲರೆಲ್ಲ ನಕ್ಕರು. ಮುಂದಿನ ಒಂದು ಗಾಲಿ ನಾಕು ಮೂಟಿ ತೂಗಿತು, ಹಿಂದಿನ ಒಂದು ಗಾಲಿ ಹದಿನೆಂಟು ಮೂಟಿ. ನಗೋದು ನಿಂತುಹೋತು.

‘ಹಂಡೇವು, ಕಲ್ಲು, ಅಕ್ಕಿ, ಮಂಚ ಎಲ್ಲ ಮುಂದಕ ಬರಬೇಕ್ರಿ. ಮಾಳಿಗಿ ತಗೀಬೇಕು’ ಅಂದ ಅಣ್ಣ.

ಸಾವ್ಕಾರ್ರು ಕೆಂಡ ಆದ್ರು. ‘ಪಡಸಾಲಿಯಾಗ ಬಚ್ಚಲ ಮಾಡಂತೀಯೇನಲೇ? ಯಾವ ಮನಿಯಾಗ ಕಂಡೀದಿ? ಯಾಕ ಅಂತ ಹೇಳು ಮೊದಲ. ಯಾಕ ಅಂತ ತಿಳೀದನ ಒಂದು ಮೊಳಿ ಕೀಳಾಕ ಬಿಡಂಗಿಲ್ಲ.’

ಅಣ್ಣ ತಲಿ ಬಗ್ಗಿಸಿ ನಿಂತ. ಒಮ್ಮಿ ಪಡಸಾಲಿ ಕಿಟಕಿ ಕಡಿ ನೋಡಿದ. ಇವಗೇನು ಬಂತಪ್ಪ ಅಂತ ನನಗ ಸಿಟ್ಟು. ಪಡಸಾಲಿ ಕಿಟಕಿ ಹತ್ರ ಮಂಚ ಹಾಕಿಸ್ಕೊಂಡು ಮಲಗಿದ್ದ ಅಮ್ಮಾರು, ‘ಹೇಳೋ ಭರಮಾ’ ಅಂದ್ರು.

‘ಬಂಡಿನೂ ಹಂಗೇ ಅಲ್ರೀ’ ಅಂದ ಅಣ್ಣ, ನೆಲ ನೋಡ್ಕೊಂತ. ‘ಭಾರ ಹಿಂದ ಆದ್ರ ನೊಗ ಎತ್ತಿನ ಹೆಗಲ ಬಿಟ್ಟು ಮ್ಯಾಲೇಳತೈತಿ. ಆವಾಗ ಎತ್ತಿನ ಕಾಲು ನೆಲ ಕಚ್ಚಂಗಿಲ್ಲ. ಹಗ್ಗ ಎಳದ್ರ ಎತ್ತಿನ ಮುಖ ತಿರುಗತೈತಿ, ಬಂಡಿ ತಿರುಗಂಗಿಲ್ಲ. ಮೋಟಾರಿಗೆ ಮುಂದಿನ ಗಾಲಿನೇ ಎತ್ತು. ಅದರ ಮ್ಯಾಲ ತೂಕ ಇಲ್ದಿದ್ರ ಸ್ಟೇರಿಂಗ್ ಮಾತು ಹೆಂಗ ಕೇಳತೈತ್ರಿ?’

ಸಾವ್ಕಾರ್ರು ಗಡ್ಡ ಕೆರಕೊಂಡ್ರು. ಬಂಡಿ ಲೆಕ್ಕದಾಗ ಹೇಳಿದ್ದಕ್ಕ ಅವರಿಗೆ ತಟ್ಟನ ತಿಳೀತು. ಅಮ್ಮಾರು ಕಿಟಕಿಯಿಂದ, ‘ಏರು ಹತ್ತೋವಾಗ?’ ಅಂದ್ರು.

‘ಏರಿನಾಗ ಇನ್ನಷ್ಟು ಏಳತೈತ್ರಿ’ ಅಂದವನೇ ಅಣ್ಣ ಚೀಲ ಹಾಸಿ ಮೋಟಾರಿನ ಕೆಳಗ ಹೋದ. ಅಮ್ಮಾರು ಆ ದಿನ ಉಣ್ಣಲಿಲ್ಲ. ನಾ ಬೆನ್ನು ನೋವು ಅಂದ್ಕೊಂಡೆ.

ಎರಡು ತಿಂಗಳು ಕೆಲಸ ನಡೀತು. ಮಾಳಿಗಿ ಮಣ್ಣು ಬುಟ್ಟಿ ಬುಟ್ಟಿ ಇಳೀತು, ಸಾವ್ಕಾರ್ರು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರು, ನೋಡಲಾರದ. ಮ್ಯಾಲ ಬರೇ ತಗಡು, ತಗಡಿನ ಕೆಳಗ ಜೊಂಡಿನ ಚಾಪಿ ಎರಡು ಪದರ. ರುಬ್ಬೋ ಕಲ್ಲು ಕೆಳಗಿಳಿಸಿದಾಗ ನಾ ಅಡ್ಡ ನಿಂತೆ.

‘ಚಟ್ನಿ ನಿನ್ನ ತಲಿ ಮ್ಯಾಲ ಅರೀಲೇನು?’

‘ಹಬ್ಬಕ್ಕ ಹೊಂಟೀರಿ, ಉಂಡಿ ತಿನ್ರಿ’ ಅಂದ ಅಣ್ಣ.

ಹಂಡೇವಂತೂ ಬ್ಯಾಡೇ ಬ್ಯಾಡ ಅಂದ. ಅರ್ಧ ತುಂಬಿದ ನೀರು ತಿರುವಿನಾಗ ಒಂದ ಕಡಿ ಓಡತೈತಂತ. ಅದರ ಬದಲು ಮುಚ್ಚಳದ ನಾಕು ಸಣ್ಣ ಕೊಡ, ಅವಕ್ಕ ಭತ್ತದ ಹುಲ್ಲು ಒತ್ತಿದ ಪೆಟ್ಟಿಗಿ, ಡ್ರೈವರ ಬೆನ್ನ ಹಿಂದ. ಅದರ ಹಿಂದ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಟ್ಟನಡುವ, ಅಮ್ಮಾರ ಮಂಚ. ಹಿಂದ ಚಾಚಿದ್ದನ್ನ ಮೂರು ಮೊಳ ಕೊಯ್ದು ತಗಸಿದ.

ಆಮ್ಯಾಲ ಗಾಲಿ ಕೆಲಸ. ಮುಂದಿನ ಗಾಲಿ ತಿರುಗೋ ಗೂಟಗಳು ಸವದು ಅಲ್ಲಾಡ್ತಿದ್ವು. ಮೆಟ್ರಿ ಕಮ್ಮಾರ ಎರ್ರಿಯಪ್ಪನ ಕುಲುಮಿಯಾಗ ಕುಂತು ಹೊಸಾ ಗೂಟ ಬಡಿಸಿದ, ಅವಕ್ಕ ಹಿತ್ತಾಳಿ ಬಳಿ ತೊಡಿಸಿದ. ಹಿಂದಿನ ಕಮಾನು ಪಟ್ಟಿಗೆ ಒಂದು ಪಟ್ಟಿ ಹೆಚ್ಚಿಗಿ ಸೇರಿಸಿದ. ಕಡೀಕ ಮುಂದಿನ ಅಚ್ಚಿಗೂ ಪಟ್ಟಿಗೂ ನಡುವ ಕಬ್ಬಿಣದ ಬೆಣಿ ಬಡದ, ಅಚ್ಚು ಒಂಚೂರು ಹಿಂದಕ ಮಲಗೋ ಹಂಗ. ಹಂಗ ಮಲಗಿಸಿದ್ರ ತಿರುವಿದ ಗಾಲಿ ಕೈ ಬಿಟ್ಟಕೂಡ್ಲೇ ತಾನಾಗಿ ನೆಟ್ಟಗಾಗತೈತಂತ. ಮೊದಲನೇ ಬೆಣಿ ದಪ್ಪಾತು, ಗಾಲಿ ಚಳಿಜ್ವರ ಬಂದಂಗ ನಡುಗಿದ್ವು. ತಗದು ಅರ ಹಾಕಿದ. ಮತ್ತ ಹಾಕಿದ, ಮತ್ತ ತಗದ. ಎರ್ರಿಯಪ್ಪ ಬ್ಯಾಸತ್ತು, ‘ಲೇ ಭರಮಾ, ನೀ ಮೋಟಾರು ಮಾಡ್ತೀಯೋ ಮೂಗುತಿ ಮಾಡ್ತೀಯೋ?’ ಅಂದ. ಮೂರನೇ ಸಲಕ್ಕ ಕೂಡ್ತು.

ಈಗ ಯಾರಾದ್ರೂ ಅದರಾಗ ಮಲಗಿ ನೋಡಬೇಕಲ್ಲ? ಅಣ್ಣ ಅಕ್ಕಿ ಮೂಟಿ ಮಲಗಿಸ್ತೀನಿ ಅಂದ. ಮೂಟಿ ನೋವು ಹೇಳತೈತೇನು! ನಾ ಹತ್ತಿ ಅಮ್ಮಾರ ಮಂಚದ ಮ್ಯಾಲ ಮಲಗಿದೆ. ‘ಇಳಿ’ ಅಂದ. ಇಳಿಯಂಗಿಲ್ಲ ಅಂದೆ. ಬೈದ, ಕೈ ಮುಗದ, ನಾ ಕಣ್ಮುಚ್ಚಿ ಗೊರಕಿ ಹೊಡದಂಗ ಮಾಡಿದೆ. ಒಂಬತ್ತು ವರ್ಷದಾಗ ಮೊದಲನೇ ಸಲ ಅವ ಒಂದು ಜೀವ ಒಳಗಿಟಗೊಂಡು ಗಾಡಿ ಹೊಡದಿದ್ದು ಅವತ್ತು, ನನ್ನ ಕಟಗೊಂಡು.

ಹಂಪಿ ತನಕ ಹೋದ್ವಿ. ಆಗಿನ ಹಂಪಿ ಏನು ಹೇಳ್ಲಿ! ಒಂದು ನರಮನುಷ್ಯ ಇಲ್ಲ, ಬಾಳಿ ತ್ವಾಟ, ಮ್ಯಾಕಿ ಕಾಯೋರು, ಗೋಪುರದ ಮ್ಯಾಲ ಕರಿಮೂತಿ ಮುಸಿಯಾ. ಹೊಳಿ ಗಾಳಿ ತಣ್ಣಗ ಬೀಸತಿತ್ತು. ಬಜಾರದ ಕಲ್ಲುಕಂಬದ ನೆರಳಿಗೆ ಮೋಟಾರು ನಿಲ್ಲಿಸಿ ರೊಟ್ಟಿ ಗಂಟು ಬಿಚ್ಚಿದ್ವಿ. ‘ಹೆಂಗಿತ್ತು?’ ಅಂದ. ‘ಖರೇನ ನಿದ್ದಿ ಬಂದಿತ್ತೋ ಅಣ್ಣಾ’ ಅಂದೆ. ಅವ ನಕ್ಕ. ಸಣ್ಣವಿದ್ದಾಗ ನಮ್ಮಪ್ಪನ ಬಂಡಿ ಹಿಂದ ಜೋತು ಬಿದ್ದು ನಗ್ತಿದ್ನಲ್ಲ, ಹಂಗ. ಅವತ್ತು ನಾವಿಬ್ರೂ ತಿಂದ ಆ ರೊಟ್ಟಿ ಪುಂಡಿಪಲ್ಯೆದ ರುಚಿ ನನ್ನ ನಾಲಿಗಿ ಬಿಟ್ಟು ಹೋಗಿಲ್ಲ.

‘ಬಂಡ್ರಿಗೆ ನೀನೇ ಹೊಡೀಬೇಕು’ ಅಂದೆ. ನಗು ಹೋತು. ‘ಬ್ಯಾರೆ ಡ್ರೈವರು ಬರ್ತಾನ. ಅವರನ್ನ ನನ್ನ ಕೈಯಾಗ ಕೊಡಬ್ಯಾಡ್ರಿ’ ಅಂದ. ಅಮ್ಮಾರು ಕೇಳಿ, ಭರಮ ಹೊಡದ್ರಷ್ಟೇ ಹತ್ತತೀನಿ ಅಂದ್ರು. ಪಂಚಮಿ ನಾಕು ದಿನ ಇತ್ತು. ಬ್ಯಾರೆ ದಾರಿ ಇದ್ದಿಲ್ಲ, ಒಪ್ಪಿದ.

ಪಂಚಮಿ ಹಿಂದಿನ ದಿನ ಬೆಳಗಿಗೆ ಹೊಂಟ್ವಿ. ಮುಂದ ಅಣ್ಣ, ಬಾಜೂಕ ಸಾವ್ಕಾರ್ರು ಬಾಗಲಾ ಗಟ್ಟಿ ಹಿಡಕೊಂಡು. ಒಳಗ ಮಂಚದ ಮ್ಯಾಲ ಅಮ್ಮಾರು, ಹತ್ರ ನಾನು. ಡ್ರೈವರ ಬೆನ್ನ ಹಿಂದ ಒಂದು ಕಿಂಡಿ ಇತ್ತು, ಅದರಾಗ ಎಲ್ಲ ಕಾಣ್ತಿತ್ತು, ಕೇಳ್ತಿತ್ತು. ಹೊಸಪೇಟಿ ದಾಟೋತನಕ ಅಮ್ಮಾರು ಹಲ್ಲು ಕಚ್ಚಿ ಕಾದ್ರು, ನೋವು ಈಗ ಬರತೈತಿ, ಆಗ ಬರತೈತಿ ಅಂತ. ಬರ್ಲಿಲ್ಲ. ಕೈ ಸಡ್ಲ ಬಿಟ್ಟು ಕಿಟಕಿಯಾಗ ಹೊರಗ ನೋಡಾಕ ಹತ್ತಿದ್ರು. ಒಂಬತ್ತು ವರ್ಷ ಜಂತಿ ನೋಡಿದ ಕಣ್ಣು! ಕೊಕ್ಕರೆ ಕಂಡ್ರೂ ‘ವಿರುಪಿ, ಅಲ್ಲಿ ನೋಡ’ ಅಂತಿದ್ರು. ಸಂಡೂರ ಸಂಸ್ಥಾನದ ಗಡಿ ನಾಕಾ ಕಾಯಾವ, ‘ಇದೇನ್ರೀ, ಮನಿನೇ ಕಿತಗೊಂಡು ಹೊಂಟೀರಿ?’ ಅಂತ ನಗಾಡಿ ಬಿಟ್ಟ.

ಗುಡ್ಡದ ಏರು ಸುರು ಆತು. ಸಣ್ಣಗ ಮಳಿ ಹತ್ತಿತ್ತು, ಕೆಂಪು ಮಣ್ಣು ಜಾರತಿತ್ತು. ಮೋಟಾರು ಮಾತ್ರ ಗೆರಿ ಎಳದಂಗ ನೆಟ್ಟಗ. ಆದ್ರ ಆ ತಿರುವು ಬಂತು ನೋಡ್ರಿ, ಅಣ್ಣ ಬ್ರೇಕ್ ಹಾಕಿ ನಿಲ್ಲಿಸಿಬಿಟ್ಟ. ಎರಡೂ ಕೈ ಸ್ಟೇರಿಂಗ್ ಬಿಟ್ಟು ತೊಡಿ ಮ್ಯಾಲ ಇಟಗೊಂಡ.

‘ಯಾಕಲೇ?’ ಅಂದ್ರು ಸಾವ್ಕಾರ್ರು.

‘ಆಗವಲ್ದ್ರಿ. ಇಲ್ಲಿಂದ ನನ್ನ ಕೈಲೆ ಆಗವಲ್ದು.’

ನಡು ಏರಿನಾಗ ಮಳಿಯಾಗ ನಿಂತೀವಿ, ಮುಂದ ಹೋಗದಿದ್ರ ಹಿಂದಕ ಹೋಗಬೇಕು, ಹಿಂದಕ ಹೋದ್ರ ಅಮ್ಮಾರು ತಾಯಿನ್ನ ಇನ್ನ ನೋಡಂಗಿಲ್ಲ. ಬೈಯಾಕ ಬಾಯಿ ತಗದೆ. ಅಮ್ಮಾರು ನನ್ನ ಕೈ ಅದುಮಿ ಸುಮ್ಮನಿರಿಸಿದ್ರು.

‘ಭರಮಾ, ಇಲ್ಲೇ ಅಲ್ಲೇನೋ ಅದು?’

‘ಹೌದ್ರಿ ಅಮ್ಮಾರೆ.’

‘ಅವತ್ತು ಏರು ಬಂದ ಕೂಡ್ಲೇ ನೀ, ಮುಂದಕ ಸರೀರಿ ಅಮ್ಮಾರೆ ಅಂದಿದ್ದಿ. ನಾ ಸರದಿದ್ದೆ. ಸ್ವಲ್ಪ ಹೊತ್ತಿಗೆ ಶಕಿ ಆತು. ಹಿಂದ ಗಾಳಿ ಬರ್ತಿತ್ತು, ಅಲ್ಲಿ ಕುಂತ್ರ ಕೆಳಗ ಹೊಳಿ, ಹಂಪಿ ಗುಡ್ಡ ಎಲ್ಲ ಕಾಣ್ತಿದ್ವು. ನಿನಗ ಹೇಳದನ ಬಂಡಿ ಬಾಲಕ್ಕ ಹೋಗಿ ಕುಂತೆ. ಬುತ್ತಿ, ಬುಟ್ಟಿ, ಗಂಟು ಎಲ್ಲ ನನ್ನ ಹತ್ರ ಎಳಕೊಂಡೆ. ನೀ ಗಿರಣಿ ಅಂಗಳದಾಗ ನೊಗದ ಮಾತು ಹೇಳೋತನಕ ನನಗ ತಿಳಿದಿದ್ದಿಲ್ಲೋ. ಬಂಡಿ ಕೆಡವಿದಾವ ನೀ ಅಲ್ಲ. ನಾನು.’

ಮಳಿ ತಗಡಿನ ಮ್ಯಾಲ ಬೀಳ್ತಿತ್ತು. ಸಾವ್ಕಾರ್ರು ತಿರುಗಿ ಕಿಂಡಿಯಾಗ ಹೆಂಡತಿ ಮುಖ ನೋಡಿದ್ರು. ಅಣ್ಣ ಹಿಂದಕ ತಿರುಗಲಿಲ್ಲ.

‘ಗೊತ್ತಿತ್ರಿ’ ಅಂದ.

‘ಏನು?’

‘ನೊಗ ಎದ್ದಾಗಲೇ ಗೊತ್ತಾತ್ರಿ ನನಗ. ತಿರುಗಿ ನೋಡಿದ್ದೆ. ನೀವು ಹೊಳಿ ನೋಡ್ಕೊಂತ ಕುಂತಿದ್ರಿ. ಕೂಗೋದ್ರಾಗ ಆಗಿಹೋತು.’

ಅಮ್ಮಾರು ಮಲಗಿದಲ್ಲಿಂದಲೇ ಕಿಂಡಿ ಕಡಿ ಕೈ ಚಾಚಿದ್ರು. ಕೈ ಅವನ ತನಕ ಮುಟ್ಟಲಿಲ್ಲ, ಅಲ್ಲೇ ಕೊಡದ ಪೆಟ್ಟಿಗಿ ಮ್ಯಾಲ ಇಟ್ಟರು. ಹುಟ್ಟಿದಾಗಿಂದ ಅವಗ ‘ಲೇ’ ಅಂದ ಮನುಷ್ಯ, ‘ನಡಿ ಭರಮಣ್ಣಾ’ ಅಂದ್ರು ಸಾವ್ಕಾರ್ರು. ಅಣ್ಣ ತೋಳಿಲೆ ಕಣ್ಣೊರಸ್ಕೊಂಡು ಮೋಟಾರು ಮುಂದಕ ಬಿಟ್ಟ. ತಿರುವು ದಾಟಿದ್ದು ನಮಗ್ಯಾರಿಗೂ ತಿಳೀಲೇ ಇಲ್ಲ.

ಸಂಜಿ ಮುಂದ ಬಂಡ್ರಿ ಮುಟ್ಟಿದ್ವಿ. ಜಡೆಪ್ಪ, ನಾನು, ಸಾವ್ಕಾರ್ರು ಸೇರಿ ಮಂಚ ಇಳಿಸಿ ಪಡಸಾಲಿಯಾಗ ಇಟ್ವಿ. ಅಣ್ಣ ಹೊಸ್ತಿಲ ಹತ್ರ ಬರದ ಹೊರಗೇ ಉಳದ. ನೀಲಗಂಗಮ್ಮ ಗ್ವಾಡಿ ಹಿಡಕೊಂಡು ಬಂದು ಮಗಳ ಹಣಿ, ಮೂಗು, ಗಲ್ಲ, ಕೈಬಳಿ ಒಂದೊಂದೇ ಮುಟ್ಟಿದ್ರು. ಕಾಲು ಮುಟ್ಟಿ ಅಲ್ಲೇ ಕೈ ನಿಲ್ಲಿಸಿದ್ರು. ‘ಬಂದೆವ್ವಾ’ ಅಂದ್ರು ಅಮ್ಮಾರು. ತಾಯಿ ಮಗಳು ಅತ್ತಿದ್ದನ್ನ ನಾ ಹೇಳಲಾರೆ. ಅಳು ನಿಂತಮ್ಯಾಲ ಅಮ್ಮಾರು ಎಲ್ಲಾರ ಮುಂದ ಬಂಡಿ ವಿಷಯ ಬಿಚ್ಚಿ ಹೇಳಿದ್ರು. ‘ಎಲ್ಲದಾನ ಅವ?’ ಅಂದ್ರು ಮುದುಕಿ. ‘ಒಳಗ ಕರೀರಿ. ಹೊಸ್ತಿಲ ಮುಂದ ಬರಬ್ಯಾಡ ಅಂದ ನನ್ನ ಬಾಯಿಗೆ ಹುಳ ಬೀಳ್ಲಿ. ಅವ ಬರೋತನಕ ಈ ಮನಿಯಾಗ ಯಾರೂ ಉಣಂಗಿಲ್ಲ.’

ನಾ ಕರಿಯಾಕ ಹೊರಗ ಓಡಿದೆ. ಮೋಟಾರಿನ ಕೆಳಗ ಎರಡು ಕಾಲು. ಬೆಣಿ ಸಡ್ಲಾಗ್ಯಾವೇನು ಅಂತ ನೋಡ್ತಿದ್ನಂತ! ನನಗ ಎಲ್ಲಿತ್ತೋ ಸಿಟ್ಟು, ಆ ಕಾಲು ಹಿಡದು ದರದರ ಹೊರಗ ಎಳದೆ.

‘ಒಂಬತ್ತು ವರ್ಷ! ಊರ ಮಂದಿ ಕುಡುಕ ಅಂದ್ರು, ಬಂಡಿ ಕೆಡವಿದಾವ ಅಂದ್ರು, ನಿನಗ ಯಾರೂ ಹೆಣ್ಣು ಕೊಡ್ಲಿಲ್ಲ. ನಾ ಬಾವಿಕಟ್ಟಿ ಮ್ಯಾಲ ಕಂಡಕಂಡಾಕಿ ಕೂದಲಾ ಹಿಡದೆ. ಒಂದು ಮಾತು, ನನಗಾದ್ರೂ ಒಂದು ಮಾತು ಹೇಳಬಾರದಿತ್ತೇನೋ, ಕಲ್ಲು ಮನಸಿನಾವ?’

ಎದ್ದು ಕುಂತ. ಮೈಯೆಲ್ಲ ಕೆಸರು, ಗ್ರೀಸು.

‘ನಿನಗ ಹೇಳಿದ್ರ ಊರಿಗೆ ಹೇಳಿದಂಗ’ ಅಂದ. ‘ಹೇಳಿದ್ರ ಅವರು ಎದ್ದು ನಡೀತಿದ್ರೇನು, ವಿರುಪಿ? ಮಲಗಿದಲ್ಲೇ, ನನ್ನ ಕಾಲು ನಾನೇ ಮುರಕೊಂಡೆ ಅಂತ ದಿನಾ ನೆನಸ್ಕೊಂತ ಮಲಗಬೇಕಿತ್ತು. ನನ್ನ ಬೈಕೊಂಡ್ರ ಅವರಿಗೆ ಅಷ್ಟಾದ್ರೂ ಹಗುರ ಆಗ್ಲಿ ಅಂದ್ಕೊಂಡೆ.’

‘ಮತ್ತ ಆ ದಿನ ಗಿರಣಿ ಅಂಗಳದಾಗ ಯಾಕ ಹೇಳಿದಿ?’

‘ಹೇಳದಿದ್ರ ಸಾವ್ಕಾರ್ರು ಹಂಡೇವು ಸರಸ್ತಿದ್ದಿಲ್ಲ’ ಅಂದ. ‘ಅವರು ತಾಯಿನ್ನ ನೋಡಬೇಕಿತ್ತಲ್ಲ.’

ನಾ ಅವನ ಬೆನ್ನಿಗೆ ಎರಡೂ ಕೈಲೆ ಗುದ್ದಿದೆ, ಗುದ್ದಿ ಗುದ್ದಿ ಅಲ್ಲೇ ಆ ಕೆಸರಾಗ ಕುಂತು ಅತ್ತೆ. ಅವ ಸುಮ್ಮನ ಗುದ್ದಿಸ್ಕೊಂಡ. ಒಳಗಿಂದ ಮುದುಕಿ ಅವನ ಹೆಸರು ಹಿಡದು ಕೂಗಾಕ ಹತ್ತಿದ್ರು.